ನೀರು ನಿಲ್ಲುವ ಹೂದಾನಿ: ಚಕ್ರದಿಂದ ಗ್ಲೇಜಿನವರೆಗೆ

(ಕುಂಭಕಲೆಯಲ್ಲಿ ಆಸಕ್ತರಾದವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೇ,

ನಮ್ಮ ಅಡುಗೆಮನೆಗಳಲ್ಲಿ ಮಣ್ಣಿನ ಎರಡು ಪಾತ್ರೆಗಳು ಬಹಳ ಕಾಲ ಅಕ್ಕಪಕ್ಕದಲ್ಲಿಯೇ ಬಾಳಿವೆ. ಒಂದು ಕುಡಿಯುವ ನೀರಿನ ಮಡಕೆ, ಇನ್ನೊಂದು ಉಪ್ಪಿನಕಾಯಿಯ ಜಾಡಿ. ಮಡಕೆಯ ಹಿರಿಮೆ ಇರುವುದು ಅದು ಬೆವರುವುದರಲ್ಲಿ. ಅದರ ಮೈಯ ಸೂಕ್ಷ್ಮ ರಂಧ್ರಗಳಿಂದ ಹೊರಗೆ ಜಿನುಗಿದ ನೀರು ಗಾಳಿಗೆ ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನೂ ಕೊಂಡೊಯ್ಯುತ್ತದೆ. ಜಿನುಗದ ಮಡಕೆಯಲ್ಲಿ ನೀರು ತಣ್ಣಗಾಗುವುದಿಲ್ಲ. ಮೇಲರ್ಧ ಕಂದು, ಕೆಳಗರ್ಧ ಹಾಲುಬಿಳಿ ಬಣ್ಣದ ಜಾಡಿಯಿಂದ ನಾವು ಬಯಸುವುದು ಇದಕ್ಕೆ ಪೂರ್ತಿ ವಿರುದ್ಧವಾದುದನ್ನು. ಉಪ್ಪು, ಹುಳಿ, ಎಣ್ಣೆ ಮೂರೂ ವರ್ಷಗಟ್ಟಲೆ ಒಳಗಿದ್ದರೂ ಅದರ ಗೋಡೆ ಒಂದು ತೊಟ್ಟನ್ನೂ ಹೀರಬಾರದು, ಒಂದು ತೊಟ್ಟನ್ನೂ ಹೊರಗೆ ಬಿಡಬಾರದು. ನಾನು ಇಂದು ಮಾತನಾಡಬೇಕಾಗಿರುವ ಹೂದಾನಿಯು, ಆಕಾರದಲ್ಲಿ ಎಷ್ಟೇ ಮಡಕೆಯ ನೆನಪು ತಂದರೂ, ಕೆಲಸದಲ್ಲಿ ಜಾಡಿಯ ಬಳಗಕ್ಕೆ ಸೇರಿದ್ದು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಚಕ್ರದ ಮುಂದೆ ಕುಳಿತು ಕಲಿಯಲು ಬರುವವರಲ್ಲಿ ಹೆಚ್ಚಿನವರು ಗ್ಲೇಜ್ ಎಂಬುದನ್ನು ಕೊನೆಯಲ್ಲಿ ಬಳಿಯುವ ಬಣ್ಣವೆಂದು ತಿಳಿದಿರುತ್ತಾರೆ. ಅದು ಬಣ್ಣವಲ್ಲ, ಗಾಜು. ಪಾತ್ರೆಯ ಮೈಮೇಲೆಯೇ ಕರಗಿ, ಮೈಯೊಡನೆ ಬೆಸೆದು, ಮೈಯೊಡನೆಯೇ ಕುಗ್ಗಬೇಕಾದ ಗಾಜು. ಆದ್ದರಿಂದ ಯಾವ ಮಣ್ಣು, ಎಷ್ಟು ದಪ್ಪದ ಗೋಡೆ, ಎಂತಹ ತಳ, ಎಷ್ಟು ಅಗಲದ ಬಾಯಿ ಎಂಬ ಪ್ರತಿಯೊಂದು ತೀರ್ಮಾನವೂ ಗ್ಲೇಜಿನ ತೀರ್ಮಾನವೇ ಆಗಿರುತ್ತದೆ. ಮಣ್ಣಿನ ಮೊದಲ ಮುದ್ದೆಯನ್ನು ತೂಗುವಾಗಲೇ ಆ ಯೋಚನೆ ಆರಂಭವಾಗಬೇಕೆಂಬುದು ನನ್ನ ವಾದ. ಮುಂದಿನ ಮಾತುಗಳೆಲ್ಲ ಅದರ ವಿವರಣೆ.

ನಮ್ಮ ಹಳ್ಳಿಗಳ ಕುಂಬಾರರು ಗ್ಲೇಜನ್ನು ಏಕೆ ಬಳಸಲಿಲ್ಲ ಎಂಬ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ, ಅದರಲ್ಲಿ ಸ್ವಲ್ಪ ಕನಿಕರದ ಧ್ವನಿಯೂ ಇರುತ್ತದೆ. ಕನಿಕರ ಅನವಶ್ಯಕ. ನೀರು ತಣಿಸುವ ಮಡಕೆಗೆ ಗ್ಲೇಜ್ ಹಚ್ಚಿದರೆ ಅದು ಕೆಟ್ಟಂತೆ. ಬೆಂಕಿಯ ಮೇಲಿಡುವ ಗಡಿಗೆಗೆ ಬಿಗಿಯಾದ ಗಾಜಿನ ಮೈಗಿಂತ ಸಡಿಲವಾದ, ರಂಧ್ರವುಳ್ಳ ಮೈಯೇ ಶಾಖದ ಏರಿಳಿತವನ್ನು ತಾಳಿಕೊಳ್ಳುತ್ತದೆ. ಜೊತೆಗೆ ಹುಲ್ಲು, ಬೆರಣಿ, ಸೌದೆಗಳಿಂದ ಉರಿಸುವ ಆವಿಗೆಯ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್‌ನ ನಡುವೆ ನಿಲ್ಲುತ್ತದೆ. ಜಾಡಿಯ ಮೈಮೇಲಿನಂತಹ ಗಟ್ಟಿ ಗ್ಲೇಜ್ ಆ ಶಾಖಕ್ಕೆ ಕರಗುವುದಿಲ್ಲ. ಗ್ಲೇಜಿನ ಕೆಲಸವೇ ನಮ್ಮ ನೆಲಕ್ಕೆ ಅಪರಿಚಿತವಾಗಿತ್ತು ಎಂದೂ ಹೇಳುವಂತಿಲ್ಲ. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಗೋಡೆಗೂ ಮಿನಾರಿಗೂ ಪರ್ಷಿಯಾದ ರೀತಿಯ ಬಣ್ಣದ ಗ್ಲೇಜಿನ ಬಿಲ್ಲೆಗಳನ್ನು ಹೊದಿಸಲಾಗಿತ್ತು; ಐದು ಶತಮಾನಗಳ ಬಿಸಿಲು ಮಳೆಯ ನಂತರವೂ ಅವುಗಳಲ್ಲಿ ಒಂದಷ್ಟು ಇಂದಿಗೂ ಹೊಳೆಯುತ್ತಿವೆ. ಆದರೆ ಅದು ಅರಮನೆ, ಮದರಸಾಗಳ ಕಸುಬಾಗಿ ಉಳಿಯಿತು, ಹಳ್ಳಿಯ ಕುಂಬಾರನ ಚಕ್ರವಾದ ತಿಗುರಿಯ ಬಳಿಗೆ ಬರಲಿಲ್ಲ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಹಂಚು ಕೂಡ ಗ್ಲೇಜಿಲ್ಲದ ಕೆಂಪು ಮಣ್ಣಿನದೇ. ಇಂದು ನಾವು ಸ್ಟುಡಿಯೋಗಳಲ್ಲಿ ಮಾಡುವ ಹೆಚ್ಚು ಶಾಖದ ಗ್ಲೇಜ್ ಕೆಲಸ ದಕ್ಷಿಣ ಭಾರತದಲ್ಲಿ ಹರಡಿದ್ದಕ್ಕೆ ಮುಖ್ಯ ಕಾರಣ, ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಸ್ಥಾಪಿಸಿದ ಗೋಲ್ಡನ್ ಬ್ರಿಜ್ ಪಾಟರಿ. ಅಲ್ಲಿ ಕಲಿತವರು ದೇಶದ ಹಲವೆಡೆ ತಮ್ಮದೇ ಚಕ್ರ, ಭಟ್ಟಿಗಳನ್ನು ಹೂಡಿದ್ದಾರೆ.

ಈಗ ಮಣ್ಣಿಗೆ ಬರೋಣ. ಕೆರೆಯಂಗಳದ ಕೆಂಪು ಜೇಡಿಯಿಂದ ಸೊಗಸಾದ ಹೂದಾನಿ ಮಾಡಬಹುದು, ಆದರೆ ಅದು ಒಣಹೂವಿಗೆ ಸರಿ. 1000 ಡಿಗ್ರಿಯ ಸುತ್ತಮುತ್ತ ಸುಟ್ಟ ಟೆರಾಕೋಟಾದ ಮೈ ರಂಧ್ರಮಯವಾಗಿಯೇ ಉಳಿಯುತ್ತದೆ, ಗ್ಲೇಜಿನಲ್ಲಿ ಕೂದಲೆಳೆಯ ಬಿರುಕೊಂದು ಬಿಟ್ಟರೂ ನೀರು ಅಲ್ಲಿಂದ ದಾರಿ ಮಾಡಿಕೊಂಡು ಮೇಜಿನ ಮೇಲೆ ಉಂಗುರ ಬರೆಯುತ್ತದೆ. ನೀರು ನಿಲ್ಲಬೇಕಾದರೆ ಮೈಯೇ ಬಿಗಿದುಕೊಳ್ಳುವ ಸ್ಟೋನ್‌ವೇರ್ ಮಣ್ಣು ಬೇಕು. ಇದು ನೆಲದಿಂದ ಅಗೆದ ಹಾಗೆಯೇ ಸಿಗುವ ಮಣ್ಣಲ್ಲ, ಬೆರಕೆ ಮಾಡಿದ್ದು. ಎಳೆದಂತೆ ಬರುವ ಗುಣಕ್ಕೆ ರಾಜಸ್ಥಾನದ ಬಿಕಾನೇರಿನ ಕಡೆಯ ಬಾಲ್ ಕ್ಲೇ, ಬಿಳುಪಿಗೂ ಶಾಖ ತಾಳುವ ಶಕ್ತಿಗೂ ಕೇರಳದ ಕುಂಡರದಂತಹ ಕಡೆ ಸಿಗುವ ಚೈನಾ ಕ್ಲೇ, ಶಾಖದಲ್ಲಿ ಕರಗಿ ಕಣಗಳನ್ನು ಬೆಸೆಯಲು ಖನಿಜವಾದ ಫೆಲ್ಡ್‌ಸ್ಪಾರ್, ಗಟ್ಟಿತನಕ್ಕೆ ಬೆಣಚುಕಲ್ಲಿನ ಪುಡಿ. ಚೀಲದಲ್ಲಿ ಸಿದ್ಧವಾಗಿ ಸಿಗುವ ಮಣ್ಣನ್ನೇ ಕೊಳ್ಳಿರಿ, ಆರಂಭದಲ್ಲಿ ಬೆರಕೆಯ ತಲೆನೋವು ಬೇಡ. ಆದರೆ ಚೀಲದ ಮೇಲೆ ಎರಡು ಸಂಗತಿಗಳನ್ನು ಓದದೆ ಕೊಳ್ಳಬೇಡಿರಿ. ಮಣ್ಣು ಎಷ್ಟು ಡಿಗ್ರಿಗೆ ಪಕ್ವವಾಗುತ್ತದೆ, ಒಟ್ಟು ಶೇಕಡಾ ಎಷ್ಟು ಕುಗ್ಗುತ್ತದೆ ಎಂಬುವು ಆ ಎರಡು. ಸ್ಟೋನ್‌ವೇರ್ ಮಣ್ಣು ಒಣಗುವಾಗಲೂ ಸುಡುವಾಗಲೂ ಸೇರಿ ಸಾಮಾನ್ಯವಾಗಿ ಶೇ. 10ರಿಂದ 13ರಷ್ಟು ಕುಗ್ಗುತ್ತದೆ. ಚಕ್ರದ ಮೇಲೆ 20 ಸೆಂ.ಮೀ. ಎತ್ತರವಿದ್ದ ಹೂದಾನಿ ಶೇ. 12ರಷ್ಟು ಕುಗ್ಗಿದರೆ ಭಟ್ಟಿಯಿಂದ ಹೊರಬರುವಾಗ 17.6 ಸೆಂ.ಮೀ. ಆಗಿರುತ್ತದೆ. ಆ ಎತ್ತರದ ಹೂದಾನಿಗೆ ಕಲಿಯುವವರು ಒಂದೂವರೆ ಕಿಲೋ ಮಣ್ಣು ತೆಗೆದುಕೊಳ್ಳಬಹುದು, ಕೈ ಪಳಗಿದ ಮೇಲೆ ಅದಕ್ಕಿಂತ ಕಡಿಮೆ ಸಾಕಾಗುತ್ತದೆ.

ಮಣ್ಣನ್ನು ನಾದುವ ಕೆಲಸವನ್ನು ಯಾರೂ ಇಷ್ಟಪಡುವುದಿಲ್ಲ, ಆದರೂ ಅದನ್ನು ತಪ್ಪಿಸಿಕೊಂಡವರು ಚಕ್ರದ ಮೇಲೆ ಅದರ ಎರಡರಷ್ಟು ಶ್ರಮಪಡುತ್ತಾರೆ. ನಾದುವುದರ ಉದ್ದೇಶ ಎರಡು: ಮುದ್ದೆಯ ಉದ್ದಗಲಕ್ಕೂ ತೇವ ಒಂದೇ ಸಮನಾಗಬೇಕು ಮತ್ತು ಒಳಗಿನ ಗಾಳಿ ಹೊರಗೆ ಹೋಗಬೇಕು. ಗಾಳಿಗುಳ್ಳೆ ಇದ್ದರೆ ಪಾತ್ರೆ ಭಟ್ಟಿಯಲ್ಲಿ ಸಿಡಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಹರಡಿದೆ, ಅದು ಸರಿಯಲ್ಲ. ಸಿಡಿಸುವುದು ಗಾಳಿಯಲ್ಲ, ಮಣ್ಣಿನಲ್ಲಿ ಉಳಿದ ನೀರು ಆವಿಯಾಗಿ ಹೊರಬರಲು ದಾರಿಯಿಲ್ಲದೆ ಉಂಟಾಗುವ ಒತ್ತಡ. ಗಾಳಿಗುಳ್ಳೆಯ ತೊಂದರೆ ಬರುವುದು ಚಕ್ರದ ಮೇಲೆಯೇ: ಗೋಡೆಯನ್ನು ಎಳೆಯುತ್ತಿರುವ ಬೆರಳು ಗುಳ್ಳೆಯಿರುವ ಜಾಗಕ್ಕೆ ಬಂದೊಡನೆ ಜಾರಿ, ಸುತ್ತು ಸುತ್ತಿಗೂ ಪಾತ್ರೆ ಓಲಾಡತೊಡಗುತ್ತದೆ. ನಾದಿದ ಮುದ್ದೆಯನ್ನು ತಂತಿಯಿಂದ ಎರಡಾಗಿ ಕತ್ತರಿಸಿ ನೋಡಿರಿ. ಕತ್ತರಿಸಿದ ಮುಖ ನುಣುಪಾಗಿ, ತೂತಿಲ್ಲದೆ, ಒಂದೇ ಬಣ್ಣವಾಗಿ ಕಂಡರೆ ಸಾಕು.

ಹಳ್ಳಿಯ ತಿಗುರಿಗೂ ಸ್ಟುಡಿಯೋದ ವಿದ್ಯುತ್ ಚಕ್ರಕ್ಕೂ ಇರುವ ವ್ಯತ್ಯಾಸ ಬರಿಯ ಮೋಟಾರಿನದಲ್ಲ. ಕೋಲಿನಿಂದ ತಿರುಗಿಸಿಬಿಟ್ಟ ಭಾರವಾದ ತಿಗುರಿ ತನ್ನ ವೇಗವನ್ನು ತಾನೇ ಕಳೆದುಕೊಳ್ಳುತ್ತಾ ಹೋಗುವುದರಿಂದ, ಬಿರುಸಾಗಿದ್ದಾಗ ಮಾಡಬೇಕಾದದ್ದನ್ನು ಬಿರುಸಿನಲ್ಲಿ, ನಿಧಾನವಾದಾಗ ಮಾಡಬೇಕಾದದ್ದನ್ನು ನಿಧಾನದಲ್ಲಿ ಮಾಡಿ ಮುಗಿಸುವ ಲೆಕ್ಕಾಚಾರ ಕುಂಬಾರನ ಕೈಗೆ ತಾನಾಗಿ ಬಂದಿರುತ್ತದೆ. ದೊಡ್ಡದೊಂದು ಗುಡ್ಡೆಯಿಂದ ಒಂದರ ಹಿಂದೊಂದು ಪಾತ್ರೆ ಎತ್ತಿ, ಮಡಕೆಯ ಹೊಟ್ಟೆಯನ್ನು ಆಮೇಲೆ ಒಳಗೊಂದು ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಉಬ್ಬಿಸುವುದು ಅಲ್ಲಿನ ಕ್ರಮ. ವಿದ್ಯುತ್ ಚಕ್ರದಲ್ಲಿ ವೇಗ ಕಾಲಿನ ಕೆಳಗೆ ಸದಾ ಸಿದ್ಧವಿರುತ್ತದೆ. ಹಾಗಾಗಿಯೇ ಕಲಿಯುವವರು ಉದ್ದಕ್ಕೂ ಒಂದೇ ವೇಗದಲ್ಲಿ ಓಡಿಸುವ ಅಭ್ಯಾಸಕ್ಕೆ ಬೀಳುತ್ತಾರೆ. ಮಣ್ಣನ್ನು ನಡುವಿಗೆ ತರುವಾಗ ಹೆಚ್ಚು ವೇಗ, ಗೋಡೆ ಎಳೆಯುವಾಗ ಮಧ್ಯಮ, ಹೊಟ್ಟೆ ಉಬ್ಬಿಸುವಾಗ ಬಹಳ ಕಡಿಮೆ ಎಂಬ ಕ್ರಮವನ್ನು ಕಾಲಿಗೆ ಕಲಿಸಬೇಕು.

ಮುದ್ದೆಯನ್ನು ಚಕ್ರದ ನಡುವೆ ಬಲವಾಗಿ ಕೂರಿಸಿ, ಮೊಣಕೈಗಳನ್ನು ತೊಡೆಗೆ ಇಲ್ಲವೆ ಸೊಂಟಕ್ಕೆ ಆನಿಸಿಕೊಂಡು, ಎರಡು ಬಾರಿಯಾದರೂ ಮಣ್ಣನ್ನು ಮೇಲಕ್ಕೆ ಗೋಪುರವಾಗಿ ಎತ್ತಿ ಮತ್ತೆ ಕೆಳಕ್ಕೆ ಒತ್ತಬೇಕು. ಇಲ್ಲಿ ಬೇಕಾಗಿರುವುದು ತೋಳಿನ ಬಲವಲ್ಲ, ಅಲುಗಾಡದೆ ನಿಲ್ಲುವ ಕೈ. ಮಣ್ಣು ಕೈಯನ್ನು ತಳ್ಳುವಷ್ಟು ಹೊತ್ತೂ ಅದು ನಡುವಿಗೆ ಬಂದಿಲ್ಲವೆಂದೇ ಅರ್ಥ. ಬಂದ ಮೇಲೆ ಹೆಬ್ಬೆರಳುಗಳಿಂದ ನಡುವನ್ನು ತೆರೆದು, ತಳದಲ್ಲಿ ಸುಮಾರು ಒಂದು ಸೆಂಟಿಮೀಟರ್ ಮಣ್ಣು ಉಳಿಸಿ (ಸೂಜಿ ಚುಚ್ಚಿ ಅಳೆಯಿರಿ, ಊಹೆ ಬೇಡ), ತಳವನ್ನು ನಡುವಿನಿಂದ ಅಂಚಿಗೂ ಅಂಚಿನಿಂದ ನಡುವಿಗೂ ಬೆರಳಿನಿಂದ ಒತ್ತಿ ಸವರಬೇಕು. ಹೂದಾನಿಯ ತಳದಲ್ಲಿ ಒಣಗುವಾಗ ಬಾಗಿದ ಗೆರೆಯಂತೆ ಕಾಣಿಸಿಕೊಳ್ಳುವ ಬಿರುಕಿಗೆ, ಹೀಗೆ ಒತ್ತದೆ ಬಿಡುವುದು ಮತ್ತು ಒಳಗೆ ನೀರು ನಿಲ್ಲಗೊಡುವುದು ಮುಖ್ಯ ಕಾರಣಗಳು.

ಗೋಡೆಯನ್ನು ಎಳೆಯುವಾಗ ಮೂರು ಎಳೆತಗಳಿಗಿಂತ ಹೆಚ್ಚು ಮಾಡದಿರುವುದು ಒಳ್ಳೆಯದು, ಏಕೆಂದರೆ ಪ್ರತಿ ಎಳೆತಕ್ಕೂ ಮಣ್ಣು ನೀರು ಕುಡಿದು ದಣಿಯುತ್ತದೆ. ಹೂದಾನಿಯ ಆಕಾರ ಮನಸ್ಸಿನಲ್ಲಿ ಏನೇ ಇರಲಿ, ಮೊದಲು ಬರಬೇಕಾದದ್ದು ಮೇಲ್ಗಡೆ ತುಸು ಒಳಕ್ಕೆ ವಾಲಿದ ನೇರವಾದ ಕೊಳವೆ. ತಿರುಗುವ ಮಣ್ಣು ಸದಾ ಹೊರಕ್ಕೆ ಚೆಲ್ಲಲು ನೋಡುತ್ತಿರುತ್ತದೆ. ಒಮ್ಮೆ ಅಗಲವಾದ ಬಾಯಿಯನ್ನು ಮತ್ತೆ ಕಿರಿದು ಮಾಡುವುದು ಕಷ್ಟ. ಗೋಡೆಯ ದಪ್ಪ 5–6 ಮಿಲಿಮೀಟರಿಗೆ ಬಂದಾಗ, ಚಕ್ರವನ್ನು ನಿಧಾನಗೊಳಿಸಿ, ಒಳಗಿನ ಬೆರಳ ತುದಿಯಿಂದ ಹೊಟ್ಟೆಯನ್ನು ಹೊರಕ್ಕೆ ಉಬ್ಬಿಸಬೇಕು. ಹೊರಗಿನ ಕೈ ಕೇವಲ ಕಾವಲಿಗೆ.

ಕೊರಳನ್ನು ಕಿರಿದು ಮಾಡುವ ಮೊದಲು ಒಂದು ಕೆಲಸ ಮರೆಯಬಾರದು. ಒಳಗೆ ನಿಂತ ಕೆಸರುನೀರನ್ನು ಕೋಲಿನ ತುದಿಗೆ ಕಟ್ಟಿದ ಸ್ಪಂಜಿನಿಂದ ಪೂರ್ತಿ ತೆಗೆಯಿರಿ, ಆಮೇಲೆ ಕೈ ಒಳಗೆ ಹೋಗುವುದಿಲ್ಲ. ಕಿರಿದು ಮಾಡುವುದೆಂದರೆ ಎರಡೂ ಕೈಗಳ ಹೆಬ್ಬೆರಳು ಮತ್ತು ಬೆರಳುಗಳಿಂದ ಕೊರಳನ್ನು ಸುತ್ತುವರಿದು, ಚಕ್ರ ತುಸು ಬಿರುಸಾಗಿ ತಿರುಗುತ್ತಿರುವಾಗ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಅಮುಕುತ್ತಾ ಹೋಗುವುದು. ಅವಸರಿಸಿದರೆ ಗೋಡೆ ನೆರಿಗೆ ಬೀಳುತ್ತದೆ. ಸುತ್ತಳತೆ ಕಡಿಮೆಯಾದಂತೆ ಮಣ್ಣು ಎಲ್ಲಿಗೂ ಹೋಗದೆ ದಪ್ಪವಾಗುವುದರಿಂದ, ಪ್ರತಿ ಅಮುಕಿನ ನಂತರವೂ ಒಳಗೊಂದು ಬೆರಳು ಹೊರಗೊಂದು ಬೆರಳು ಇಟ್ಟು ಮತ್ತೆ ತುಸು ಎಳೆಯಬೇಕು. ಹೀಗೆ ಅಮುಕು, ಎಳೆತಗಳು ಸರದಿಯಂತೆ ನಡೆಯುತ್ತವೆ. ಗ್ಲೇಜಿನ ದೃಷ್ಟಿಯಿಂದ ಇಲ್ಲಿ ಎರಡು ಮಾತು. ಮೊದಲನೆಯದು, ಬಾಯಿ ಎಷ್ಟೇ ಕಿರಿದಿದ್ದರೂ ಒಳಗೆ ಸುರಿದ ಗ್ಲೇಜ್ ಒಂದೇ ಧಾರೆಯಾಗಿ ಹೊರಗೆ ಬರುವಷ್ಟು ಅಗಲವಿರಬೇಕು, ಹೆಬ್ಬೆರಳು ಸಲೀಸಾಗಿ ಹೋಗುವಷ್ಟಾದರೂ. ಎರಡನೆಯದು, ಅಂಚನ್ನು ಕತ್ತಿಯಲಗಿನಷ್ಟು ತೆಳುವಾಗಿ ಬಿಡಬಾರದು. ಕರಗಿದ ಗ್ಲೇಜ್ ಚೂಪಾದ ಅಂಚಿನಿಂದ ಜಾರಿ ಕೆಳಗಿಳಿಯುತ್ತದೆ, ಅಲ್ಲಿ ಮಣ್ಣು ಬರಿದಾಗಿ ಒರಟಾಗಿ ಉಳಿಯುತ್ತದೆ. ಒದ್ದೆ ಮಾಡಿದ ಮೆದು ಚರ್ಮದ ತುಂಡನ್ನು ಅಂಚಿನ ಮೇಲೆ ಮಡಚಿ ಹಿಡಿದರೆ ಅದು ದುಂಡಾಗಿ, ನುಣುಪಾಗಿ ಬರುತ್ತದೆ.

ಚಕ್ರದ ಕೆಲಸ ಇಷ್ಟೇ, ಪಳಗಿದವರಿಗೆ ಹತ್ತು ಹದಿನೈದು ನಿಮಿಷದ್ದು. ಒಣಗಿಸುವುದು ಹಾಗಲ್ಲ. ಬಯಲುಸೀಮೆಯ ಬೇಸಿಗೆಯ ಒಣಗಾಳಿಯಲ್ಲಿ ಅಂಚು ಕೆಲವೇ ಗಂಟೆಗಳಲ್ಲಿ ಬಿಳುಚಿಕೊಂಡು, ತಳ ಇನ್ನೂ ಹಸಿಯಾಗಿಯೇ ಇರುತ್ತದೆ. ಮೊದಲು ಕುಗ್ಗಿದ ಭಾಗ ಕುಗ್ಗದ ಭಾಗವನ್ನು ಎಳೆದು ಬಿರುಕು ಬಿಡಿಸುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಇದರ ತದ್ವಿರುದ್ಧ ಕಷ್ಟ, ಪಾತ್ರೆ ಒಣಗುವುದೇ ಇಲ್ಲ. ಅಂಚಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ತಳಕ್ಕೆ ಗಾಳಿಯಾಡುವಂತೆ ಮಾಡುವುದು, ಅಂಚು ಗಟ್ಟಿಯಾದೊಡನೆ ತಲೆಕೆಳಗಾಗಿ ಇಡುವುದು ಎರಡೂ ಕಡೆ ನಡೆಯುವ ಉಪಾಯ.

ಉಗುರಿನಿಂದ ಗೀರಿದರೆ ಗೆರೆ ಬೀಳುವ, ಆದರೆ ಬೆರಳಿನಿಂದ ಒತ್ತಿದರೆ ತಗ್ಗದ ಹದಕ್ಕೆ ಬಂದಾಗ ತಳವನ್ನು ಹೆರೆಯಬೇಕು. ಕಿರಿದಾದ ಕೊರಳಿನ ಪಾತ್ರೆ ತಲೆಕೆಳಗಾಗಿ ನಿಲ್ಲಲಾರದಾದ್ದರಿಂದ, ಚಕ್ರದ ಮೇಲೆ ಮಣ್ಣಿನ ದಪ್ಪ ಬಳೆಯೊಂದನ್ನು ಕೂರಿಸಿ, ಅದರೊಳಗೆ ಕೊರಳು ಇಳಿದು ಭುಜ ಅದರ ಮೇಲೆ ಕೂರುವಂತೆ ಹೂದಾನಿಯನ್ನು ಇಡುತ್ತೇವೆ. ತಳದ ನಡುವನ್ನು ತುಸು ತೋಡಿ ಅಂಚಿನಲ್ಲಿ ಬಳೆಯಂತಹ ಪಾದವೊಂದನ್ನು ಬಿಡುವುದು ಅಂದಕ್ಕಾಗಿ ಎಂದು ಹಲವರು ತಿಳಿಯುತ್ತಾರೆ. ಅದಕ್ಕಿಂತ ಮುಖ್ಯವಾಗಿ ಅದು ಗ್ಲೇಜಿನ ಗಡಿ. ಭಟ್ಟಿಯಲ್ಲಿ ಪಾತ್ರೆಯನ್ನು ಹೊರುವ ಆ ಬಳೆಗೆ ಗ್ಲೇಜ್ ತಾಗಕೂಡದು, ತಾಗಿದರೆ ಪಾತ್ರೆ ಭಟ್ಟಿಯ ಹಲಗೆಗೇ ಅಂಟಿಕೊಳ್ಳುತ್ತದೆ; ಸ್ಪಷ್ಟವಾದ ಪಾದವಿದ್ದರೆ ಗ್ಲೇಜನ್ನು ಎಲ್ಲಿ ನಿಲ್ಲಿಸಬೇಕೆಂಬುದು ಕಣ್ಣಿಗೇ ಕಾಣುತ್ತದೆ. ಹೆರೆಯುತ್ತಾ ನಡುನಡುವೆ ಬೆರಳಿನಿಂದ ತಳವನ್ನು ತಟ್ಟಿ ಕೇಳುತ್ತಿರಬೇಕು. ದಪ್ಪವಿರುವಾಗ ಮೊಂಡಾಗಿದ್ದ ಸದ್ದು ತೆಳುವಾದಂತೆ ಟೊಳ್ಳಾಗುತ್ತಾ ಬರುತ್ತದೆ. ಮಡಕೆಯನ್ನು ತಟ್ಟಿ ನೋಡುವ ರೂಢಿ ನಮ್ಮಲ್ಲಿ ಕೊಳ್ಳುವವರಿಗೂ ಇದೆ. ಕುಂಬಾರ ಗುಂಡಯ್ಯನು ತಟ್ಟಿದ ಮಡಕೆಯ ತಾಳಕ್ಕೆ ಶಿವನೇ ಕುಣಿದನೆಂಬ ಶರಣರ ಕಥೆಯನ್ನು ಕಟ್ಟಿದವರು ಈ ಸದ್ದನ್ನು ಕಿವಿಗೊಟ್ಟು ಕೇಳಿದವರೇ ಇರಬೇಕು.

ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಪಾತ್ರೆಯನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ; ತಣ್ಣಗಿದ್ದರೆ ಇನ್ನೂ ನೀರು ಆವಿಯಾಗುತ್ತಿದೆ ಎಂದರ್ಥ. ಆ ಮೇಲೆ ಮೊದಲ ಸುಡುವಿಕೆ, ಬಿಸ್ಕ್, 900ರಿಂದ 1000 ಡಿಗ್ರಿಯವರೆಗೆ. ನೀರು ಕುದಿಯುವ ಬಿಂದುವನ್ನು ದಾಟುವವರೆಗೆ ಬಹಳ ನಿಧಾನವಾಗಿ ಏರಿಸಬೇಕು. ಸುಮಾರು 450ರಿಂದ 600 ಡಿಗ್ರಿಯ ನಡುವೆ ಮಣ್ಣಿನ ಕಣದೊಳಗೆ ರಾಸಾಯನಿಕವಾಗಿ ಕೂಡಿಕೊಂಡಿದ್ದ ನೀರು ಬಿಟ್ಟುಹೋಗುತ್ತದೆ, ಅಲ್ಲಿಂದಾಚೆಗೆ ಅದು ಮತ್ತೆ ಕಲಸಿ ನಾದಬಹುದಾದ ಮಣ್ಣಲ್ಲ. 573 ಡಿಗ್ರಿಯಲ್ಲಿ ಬೆಣಚುಕಲ್ಲಿನ ಹರಳುಗಳು ತಮ್ಮ ರಚನೆ ಬದಲಿಸಿ ಒಮ್ಮೆಲೇ ಹಿಗ್ಗುತ್ತವೆ, ಆರುವಾಗ ಅಲ್ಲಿಯೇ ಕುಗ್ಗುತ್ತವೆ. ಭಟ್ಟಿಯ ಬಾಗಿಲನ್ನು ಅವಸರದಿಂದ ತೆರೆಯಬಾರದೆಂಬ ನಿಯಮದ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಬಿಸ್ಕ್ ಆದ ಪಾತ್ರೆ ಮುರಿಯದಷ್ಟು ಗಟ್ಟಿಯಾಗಿಯೂ ನೀರು ಹೀರುವಷ್ಟು ರಂಧ್ರಮಯವಾಗಿಯೂ ಇರುತ್ತದೆ. ಗ್ಲೇಜ್ ಹಿಡಿಯುವುದು ಈ ಹೀರುವ ಗುಣದಿಂದಲೇ.

ಗ್ಲೇಜಿನ ರಸಾಯನವನ್ನು ಸಾಧ್ಯವಾದಷ್ಟು ಸರಳವಾಗಿ ಹೇಳುತ್ತೇನೆ. ಗಾಜಾಗುವುದು ಸಿಲಿಕಾ, ಎಂದರೆ ಬೆಣಚುಕಲ್ಲು. ಆದರೆ ಶುದ್ಧ ಸಿಲಿಕಾ ಕರಗಲು 1700 ಡಿಗ್ರಿಗೂ ಮೀರಿದ ಶಾಖ ಬೇಕು, ನಮ್ಮ ಭಟ್ಟಿಯಾಗಲಿ ಮಣ್ಣಾಗಲಿ ಅದನ್ನು ತಾಳುವುದಿಲ್ಲ. ಆದ್ದರಿಂದ ಕರಗುವ ಬಿಂದುವನ್ನು ಕೆಳಗಿಳಿಸುವ ಸುಣ್ಣ, ಪೊಟ್ಯಾಶ್, ಸೋಡಾಗಳಂತಹ ದ್ರಾವಕಗಳು ಬೇಕು. ಅವಷ್ಟೇ ಇದ್ದರೆ ಕರಗಿದ ಗಾಜು ನೀರಿನಂತೆ ಹರಿದುಹೋಗುತ್ತದೆ. ಅದನ್ನು ಗೋಡೆಯ ಮೇಲೆ ಹಿಡಿದು ನಿಲ್ಲಿಸಲು ಅಲ್ಯೂಮಿನಾ ಬೇಕು, ಅದು ಮಣ್ಣಿನಿಂದ ಬರುತ್ತದೆ. ಈ ಮೂರನ್ನೂ ಒದಗಿಸುವ, ಸ್ಟುಡಿಯೋ ಕುಂಬಾರರೆಲ್ಲರಿಗೂ ಬಾಯಿಪಾಠವಾಗಿರುವ ಒಂದು ಅಳತೆಯಿದೆ: ಫೆಲ್ಡ್‌ಸ್ಪಾರ್ 40 ಭಾಗ, ಬೆಣಚುಕಲ್ಲಿನ ಪುಡಿ 30, ಸುಣ್ಣಕಲ್ಲಿನ ಪುಡಿ 20, ಚೈನಾ ಕ್ಲೇ 10. ಇದು 1280 ಡಿಗ್ರಿಯ ಆಸುಪಾಸಿನಲ್ಲಿ ಪಾರದರ್ಶಕವಾದ ಹೊಳೆಯುವ ಗ್ಲೇಜ್ ಆಗುತ್ತದೆ. ವಿದ್ಯುತ್ ಭಟ್ಟಿಯಲ್ಲಿ 1220ಕ್ಕೇ ನಿಲ್ಲಿಸುವವರು ಬೋರಾನ್ ಸೇರಿದ ಫ್ರಿಟ್ (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು) ಬಳಸುವ ಬೇರೆ ಅಳತೆಯನ್ನು ಹಿಡಿಯಬೇಕು, ಈ ಅಳತೆ ಅಲ್ಲಿ ಸರಿಯಾಗಿ ಕರಗುವುದಿಲ್ಲ.

ಪುಡಿಗಳನ್ನು ಕೊಳ್ಳುವುದಕ್ಕೂ ಮೊದಲು ಬೂದಿಯನ್ನು ಪ್ರಯತ್ನಿಸಿ ನೋಡಿ ಎಂದು ನಾನು ಕಲಿಯುವವರಿಗೆ ಹೇಳುವುದುಂಟು. ಮೂರು ಸಾವಿರ ವರ್ಷಗಳಿಗೂ ಹಿಂದೆ ಚೀನಾದಲ್ಲಿ ಹೆಚ್ಚು ಶಾಖದ ಗ್ಲೇಜ್ ಹುಟ್ಟಿದ್ದು ಬೂದಿಯಿಂದಲೇ. ಸೌದೆಯ ಭಟ್ಟಿಯಲ್ಲಿ ಹಾರಿದ ಬೂದಿ ಪಾತ್ರೆಯ ಭುಜದ ಮೇಲೆ ಕುಳಿತು, ಮಣ್ಣಿನಲ್ಲಿದ್ದ ಸಿಲಿಕಾದೊಡನೆ ಕೂಡಿ ಗಾಜಾಗುವುದನ್ನು ಅಲ್ಲಿನವರು ಗಮನಿಸಿದರು. ಸೌದೆಯ ಬೂದಿಯಲ್ಲಿ ಸುಣ್ಣ ಮತ್ತು ಪೊಟ್ಯಾಶ್ ಹೇರಳ, ಆದ್ದರಿಂದ ಅದು ದ್ರಾವಕ. ಭತ್ತದ ಹೊಟ್ಟಿನ ಬೂದಿಯ ಸ್ವಭಾವವೇ ಬೇರೆ. ಅದರಲ್ಲಿ ಹೆಚ್ಚುಪಾಲು ಸಿಲಿಕಾ. ಅದನ್ನೊಂದನ್ನೇ ಹಚ್ಚಿದರೆ ಕರಗದೆ ಪುಡಿಯಾಗಿಯೇ ಉಳಿಯುತ್ತದೆ, ಫೆಲ್ಡ್‌ಸ್ಪಾರ್ ಮತ್ತು ಸೌದೆ ಬೂದಿಯೊಡನೆ ಬೆರೆಸಿದರೆ ಹಾಲಿನ ಬಿಳುಪಿನ, ಮಂದವಾದ ಗ್ಲೇಜ್ ಬರುತ್ತದೆ. ನಮ್ಮ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬೀಳುವ ಈ ಬೂದಿ ಹೂದಾನಿಗಳ ಮೇಲೆ ಇನ್ನೂ ಹೆಚ್ಚಾಗಿ ಕಾಣದಿರುವುದು ನನಗೆ ಬೇಸರದ ಸಂಗತಿ. ಬೂದಿಯನ್ನು ಜರಡಿ ಹಿಡಿದು, ನೀರಿನಲ್ಲಿ ನೆನೆಸಿ, ಮೇಲಿನ ಜಿಡ್ಡುನೀರನ್ನು ಹಲವು ಬಾರಿ ಬಸಿಯಬೇಕು. ಆ ನೀರು ಕ್ಷಾರ, ಚರ್ಮವನ್ನು ಸುಡುತ್ತದೆ, ಬರಿಗೈ ಹಾಕಬೇಡಿರಿ. ತೊಳೆದು ಒಣಗಿಸಿದ ಸೌದೆ ಬೂದಿ ಮತ್ತು ಫೆಲ್ಡ್‌ಸ್ಪಾರ್ ಸಮಸಮವಾಗಿ ಬೆರೆಸಿ, ತುಸು ಚೈನಾ ಕ್ಲೇ ಸೇರಿಸಿ ಸಣ್ಣ ಬಿಲ್ಲೆಯೊಂದರ ಮೇಲೆ ಪರೀಕ್ಷಿಸುವುದು ಒಳ್ಳೆಯ ಆರಂಭ. ಒಂದು ಮರದ ಬೂದಿಯಂತೆ ಇನ್ನೊಂದರದು ಇರುವುದಿಲ್ಲವಾದ್ದರಿಂದ ಪರೀಕ್ಷೆಯಿಲ್ಲದೆ ಹೂದಾನಿಗೆ ಹಚ್ಚಬಾರದು.

ಬಣ್ಣ ಕೊಡುವುದು ಲೋಹದ ಆಕ್ಸೈಡುಗಳು, ಅದೂ ಅತಿ ಕಡಿಮೆ ಪ್ರಮಾಣದಲ್ಲಿ. ಕೋಬಾಲ್ಟ್ ಶೇ. ಅರ್ಧದಷ್ಟಿದ್ದರೂ ಗಾಢ ನೀಲಿ, ತಾಮ್ರ ಶೇ. 2–3 ಇದ್ದರೆ ಹಸಿರು, ಕಬ್ಬಿಣ ಶೇ. 8–10 ಇದ್ದರೆ ಜಾಡಿಯ ಕಂದಿನಿಂದ ಕಪ್ಪಿನವರೆಗೆ. ಅದೇ ಕಬ್ಬಿಣ ಶೇ. 1–2 ಮಾತ್ರವಿದ್ದು, ಅನಿಲದ ಇಲ್ಲವೆ ಸೌದೆಯ ಭಟ್ಟಿಯಲ್ಲಿ ಗಾಳಿಯನ್ನು ಕಡಿಮೆ ಮಾಡಿ ಸುಟ್ಟರೆ ಚೀನಾದ ಲಾಂಗ್‌ಚುವಾನ್ ಪಾತ್ರೆಗಳ ಆ ತಿಳಿ ಹಸಿರು ಬರುತ್ತದೆ. ವಿದ್ಯುತ್ ಭಟ್ಟಿಯಲ್ಲಿ ಅದನ್ನು ನಿರೀಕ್ಷಿಸಬೇಡಿರಿ. ಸೀಸ ಸೇರಿದ ಗ್ಲೇಜನ್ನು ಹೂದಾನಿಗೂ ಬಳಸಬಾರದೆಂಬುದು ನನ್ನ ನಿಲುವು: ಪಾತ್ರೆಯಿಂದ ಊಟ ಮಾಡದಿದ್ದರೂ ಪುಡಿಯನ್ನು ಕಲಸುವ ಕೈ ನಿಮ್ಮದೇ, ಮನೆಗೆ ಬಂದವರು ಅದರಲ್ಲಿ ಹೂವನ್ನೇ ಇಡುತ್ತಾರೆಂಬ ಭರವಸೆಯೂ ಇಲ್ಲ. ಬೆಣಚುಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ತರುತ್ತದೆ, ಆದ್ದರಿಂದ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಇಲ್ಲದೆ ಒಣಪುಡಿಯನ್ನು ತೂಗಬಾರದು, ಕೋಣೆಯನ್ನು ಗುಡಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಒಂದು ಕಿಲೋ ಒಣಪುಡಿಗೆ ಸುಮಾರು ಒಂದು ಲೀಟರ್ ನೀರು ಹಾಕಿ, 80 ಮೆಶ್ (ಅಂಗುಲಕ್ಕೆ 80 ಕಣ್ಣುಗಳಿರುವ) ಜರಡಿಯಲ್ಲಿ ಎರಡು ಬಾರಿ ಸೋಸಿರಿ. ಕೆನೆ ತೆಗೆಯದ ಹಾಲಿನಷ್ಟು ದಪ್ಪ ಎಂದು ಬಾಯಿಮಾತಿನಲ್ಲಿ ಹೇಳುತ್ತೇವೆ, ಆದರೆ ತೂಗಿ ನೋಡುವುದು ಉತ್ತಮ: 100 ಮಿಲಿಲೀಟರ್ ಗ್ಲೇಜ್ 140ರಿಂದ 150 ಗ್ರಾಂ ತೂಗಬೇಕು. ಬಿಸ್ಕ್ ಪಾತ್ರೆಯ ಧೂಳನ್ನು ಹಿಂಡಿದ ಸ್ಪಂಜಿನಿಂದ ಒರೆಸಿ, ಪಾದದ ಬಳೆಗೆ ಕರಗಿಸಿದ ಮೇಣ ಸವರಿ, ಮೊದಲು ಒಳಭಾಗ. ಹೂದಾನಿಯ ಮೂರನೇ ಒಂದು ಭಾಗ ಗ್ಲೇಜ್ ಸುರಿದು, ಅಡ್ಡ ಹಿಡಿದು ಒಂದು ಸುತ್ತು ತಿರುಗಿಸುತ್ತಲೇ ಹೊರಗೆ ಸುರಿದುಬಿಡಬೇಕು, ಒಟ್ಟು ಐದಾರು ಸೆಕೆಂಡುಗಳ ಕೆಲಸ. ನಡುವೆ ನಿಲ್ಲಿಸಿ ಒಳಗೆ ಇಣುಕಿದರೆ ತಳದಲ್ಲಿ ದಪ್ಪ ಪದರ ನಿಲ್ಲುತ್ತದೆ. ಒಳಭಾಗಕ್ಕೆ ಬಣ್ಣವಿಲ್ಲದ, ನಂಬಿಕೆಯ ಸಾದಾ ಗ್ಲೇಜೇ ಸಾಕು. ಅಲ್ಲಿ ಅದರ ಕೆಲಸ ನೀರು ಹಿಡಿಯುವುದು ಮಾತ್ರ.

ಇಲ್ಲಿಂದ ಮುಂದೆ ಕಾಯಬೇಕು. ಒಳಗಿನ ಗ್ಲೇಜಿನಿಂದ ಗೋಡೆ ಹೀರಿಕೊಂಡ ನೀರು ಹೊರಮೈಗೆ ಬಂದು ನಿಂತಿರುತ್ತದೆ. ಆಗಲೇ ಹೊರಗೆ ಅದ್ದಿದರೆ ಒದ್ದೆ ಗೋಡೆ ಹೊಸ ಗ್ಲೇಜನ್ನು ಹೀರುವುದಿಲ್ಲ, ತಳ್ಳುತ್ತದೆ. ದಪ್ಪ ಗೋಡೆಯ ಕಡೆ ಹೆಚ್ಚು, ತೆಳು ಕೊರಳಿನ ಕಡೆ ಕಡಿಮೆ ಗ್ಲೇಜ್ ಕುಳಿತು, ಸುಟ್ಟ ಮೇಲೆ ಕೊರಳು ಬಡಕಲಾಗಿ ಕಾಣುತ್ತದೆ. ಚಕ್ರದ ಮೇಲೆ ಗೋಡೆಯನ್ನು ಒಂದೇ ದಪ್ಪಕ್ಕೆ ಎಳೆಯಬೇಕೆಂದು ಅಷ್ಟು ಒತ್ತಿ ಹೇಳುವುದು ಇದಕ್ಕಾಗಿಯೂ ಹೌದು. ಒಂದು ರಾತ್ರಿ ಬಿಟ್ಟು, ಪಾದವನ್ನು ಬೆರಳ ತುದಿಗಳಿಂದ ಹಿಡಿದು, ಬಾಯಿ ಕೆಳಗಾಗಿ ನೇರವಾಗಿ ಅದ್ದಿರಿ; ಒಳಗೆ ಸಿಕ್ಕ ಗಾಳಿ ಗ್ಲೇಜನ್ನು ಒಳಕ್ಕೆ ಬರಗೊಡುವುದಿಲ್ಲ. ಮೂರು ಎಣಿಸುವಷ್ಟರಲ್ಲಿ ಎತ್ತಿದರೆ ಒಂದು ಮಿಲಿಮೀಟರಿನಷ್ಟು ಪದರ ನಿಂತಿರುತ್ತದೆ, ಸೂಜಿಯಿಂದ ಗೀರಿ ಖಾತ್ರಿ ಮಾಡಿಕೊಳ್ಳಬಹುದು. ಪಾದದ ಮೇಲೆ ಇನ್ನೂ ಮೂರ್ನಾಲ್ಕು ಮಿಲಿಮೀಟರ್ ಎತ್ತರದವರೆಗೆ ಒರೆಸಿಬಿಡಿ, ಹೊಸ ಗ್ಲೇಜ್ ಎಷ್ಟು ಹರಿಯುತ್ತದೆಂಬುದು ಸುಟ್ಟ ಮೇಲೆಯೇ ತಿಳಿಯುವುದು.

ಎರಡನೇ ಸುಡುವಿಕೆಯಲ್ಲಿ ಪಾತ್ರೆಗಳು ಒಂದಕ್ಕೊಂದು ತಾಗಬಾರದು, ಹಲಗೆಗೆ ಅಲ್ಯೂಮಿನಾ ಮತ್ತು ಚೈನಾ ಕ್ಲೇ ಕಲಸಿದ ಲೇಪ ಇರಬೇಕು. ಶಾಖವನ್ನು ಮಾಪಕದ ಅಂಕಿಯಿಂದ ಮಾತ್ರ ಅಳೆಯಬೇಡಿರಿ. ಗ್ಲೇಜ್ ಕರಗುವುದು ಶಾಖ ಮತ್ತು ಸಮಯ ಎರಡೂ ಸೇರಿ ಮಾಡುವ ಕೆಲಸ. ಬೇಗ ಏರಿದ 1240, ನಿಧಾನವಾಗಿ ಏರಿದ 1220 ಎರಡೂ ಹೆಚ್ಚುಕಡಿಮೆ ಒಂದೇ ಫಲ ಕೊಡಬಲ್ಲವು. ಇದನ್ನು ಅಳೆಯಲೆಂದೇ ಬರ್ಲಿನ್ನಿನ ಹರ್ಮನ್ ಸೇಗರ್ 1886ರಲ್ಲಿ, ಗ್ಲೇಜಿನಂತಹದೇ ಮಿಶ್ರಣದಿಂದ ಮಾಡಿದ, ನಿಗದಿತ ಹಂತದಲ್ಲಿ ಬಾಗುವ ಪುಟ್ಟ ಕೋನುಗಳನ್ನು ರೂಪಿಸಿದ. ಇಂದು ಅಮೆರಿಕದ ಆರ್ಟನ್ ಕೋನುಗಳ ಸಂಖ್ಯೆಗಳು ರೂಢಿಯಲ್ಲಿವೆ: ಕೋನ್ 6 ಎಂದರೆ ಸುಮಾರು 1220–1240 ಡಿಗ್ರಿ, ಕೋನ್ 10 ಎಂದರೆ ಸುಮಾರು 1285–1305. ಕಿಂಡಿಯ ಎದುರಿಗೊಂದು ಕೋನ್ ಇಟ್ಟು ಅದು ಬಾಗುವುದನ್ನು ಕಪ್ಪು ಕನ್ನಡಕದಿಂದ ನೋಡಿರಿ.

ಹೊರಬಂದ ಹೂದಾನಿಯಲ್ಲಿ ಕಾಣುವ ದೋಷಗಳಲ್ಲಿ ಕೆಲವು ಅಶ್ರದ್ಧೆಯವು. ಧೂಳಿದ್ದ ಕಡೆ ಗ್ಲೇಜ್ ಮುದುಡಿ ಮಣ್ಣು ಬರಿದಾಗುತ್ತದೆ; ಬಿಸ್ಕ್ ಸರಿಯಾಗಿ ಸುಡದಿದ್ದರೆ ಒಳಗುಳಿದ ಇಂಗಾಲ ಅನಿಲವಾಗಿ ಹೊರಬಂದು ಸೂಜಿಮೊನೆಯ ತೂತುಗಳನ್ನು ಬಿಡುತ್ತದೆ. ಬಲೆಯಂತಹ ಸಣ್ಣ ಬಿರುಕುಗಳ ಕಥೆ ಬೇರೆ. ಆರುವಾಗ ಗ್ಲೇಜ್ ಮೈಗಿಂತ ಹೆಚ್ಚು ಕುಗ್ಗಲು ನೋಡಿ, ಕುಗ್ಗಲಾಗದೆ ಸೀಳುತ್ತದೆ. ಭಟ್ಟಿಯಿಂದ ತೆಗೆದ ಮೇಲೂ ದಿನಗಟ್ಟಲೆ ಟಿಣ್ ಟಿಣ್ ಎಂಬ ಸಣ್ಣ ಸದ್ದು ಕೇಳಿಸುವುದುಂಟು. ಸೋಡಾ, ಪೊಟ್ಯಾಶ್ ಹೆಚ್ಚಿದ್ದಷ್ಟೂ ಗ್ಲೇಜ್ ಹೆಚ್ಚು ಕುಗ್ಗುತ್ತದೆ, ಸಿಲಿಕಾ ಹೆಚ್ಚಿಸಿದರೆ ಕಡಿಮೆ. ಅಳತೆಯಲ್ಲಿ ಬೆಣಚುಕಲ್ಲಿನ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಪರೀಕ್ಷಿಸುವುದು ಇದಕ್ಕೆ ಮದ್ದು. ಚೀನಾದ ಸಾಂಗ್ ರಾಜವಂಶದ ಕಾಲದ ಕುಂಬಾರರು ಈ ಬಲೆಯನ್ನೇ ಅಲಂಕಾರವಾಗಿ ಬಳಸಿಕೊಂಡರೆಂಬುದು ನಿಜ. ಆದರೂ ಮೈ ಬಿಗಿಯದ ಹೂದಾನಿಗೆ ಬಿರುಕು ಬಿಟ್ಟಾಗ ಅದನ್ನು ಆ ಪರಂಪರೆಯ ಹೆಸರಿನಲ್ಲಿ ಮಾರುವುದು ಸರಿಯಲ್ಲ.

ಮೈ ಬಿಗಿದಿದೆಯೇ ಎಂದು ತಿಳಿಯುವ ಪರೀಕ್ಷೆ ಸುಲಭ. ಅದೇ ಮಣ್ಣಿನ, ಅದೇ ಶಾಖಕ್ಕೆ ಸುಟ್ಟ, ಗ್ಲೇಜಿಲ್ಲದ ತುಂಡೊಂದನ್ನು ತೂಗಿ, ಎರಡು ಗಂಟೆ ನೀರಿನಲ್ಲಿ ಕುದಿಸಿ, ಒಂದು ದಿನ ಅದರಲ್ಲಿಯೇ ಬಿಟ್ಟು, ಮೇಲ್ಮೈ ಒರೆಸಿ ಮತ್ತೆ ತೂಗಬೇಕು. 100 ಗ್ರಾಂ ಇದ್ದದ್ದು 102 ಆಗಿದ್ದರೆ ಹೀರುವಿಕೆ ಶೇ. 2, ಹೂದಾನಿಗೆ ಅಷ್ಟು ಸಾಕು; 106 ಆಗಿದ್ದರೆ ಆ ಮಣ್ಣು ಆ ಶಾಖಕ್ಕೆ ಪಕ್ವವಾಗಿಲ್ಲ. ಇನ್ನು ಹೂದಾನಿಯನ್ನೇ ಕೊರಳಿನವರೆಗೆ ನೀರು ತುಂಬಿ ಹಳೆಯ ಪತ್ರಿಕೆಯ ಮೇಲೆ ಒಂದು ರಾತ್ರಿ ಬಿಡಿರಿ. ಬೆಳಿಗ್ಗೆ ಕಾಗದ ಪಾದದ ಆಕಾರದಲ್ಲಿ ಒದ್ದೆಯಾಗಿದ್ದರೆ ಪಾತ್ರೆಯನ್ನು ಎರಡು ಮೂರು ದಿನ ಚೆನ್ನಾಗಿ ಒಣಗಿಸಿ, ಮಣ್ಣಿನ ಚೀಲದ ಮೇಲೆ ನಮೂದಿಸಿರುವ ಮಿತಿಯನ್ನು ಮೀರದಂತೆ ಒಂದು ಕೋನ್ ಹೆಚ್ಚಿಗೆ ಮತ್ತೊಮ್ಮೆ ಸುಟ್ಟು ನೋಡಬಹುದು. ಆಗಲೂ ಜಿನುಗಿದರೆ ಒಳಗೊಂದು ಗಾಜಿನ ಲೋಟವಿಟ್ಟು ಬಳಸಿರಿ, ಮುಂದಿನ ಮುದ್ದೆಗೆ ಬೇರೆ ಮಣ್ಣನ್ನು ತೂಗಿರಿ.